ಮೌರೊ ಕೊಯೊಯ್‌ನ ನಂಬಿಗಸ್ತ ಬೆಂಕಿ

ಮೌರೊ ಕೊಯೊಯ್ ಕೆಟ್ಟವನಲ್ಲ. ಆ ಜುಲೈ ತಿಂಗಳಲ್ಲಿ ಊರು ಅವನ ಬಗ್ಗೆ ಏನೇನು ಹೇಳಿದ್ದರೂ ಇಷ್ಟನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಶೇಲಾ ಪಟ್ಟಣದ ಒಂದು ನೋಟರಿ ಕಚೇರಿಯಲ್ಲಿ ಇಪ್ಪತ್ತೊಂದು ವರ್ಷದಿಂದ ಪತ್ರಗಳಿಗೆ ಮೊಹರು ಒತ್ತುತ್ತಿದ್ದ. ಒಂದು ಮೊಹರೂ ತಲೆಕೆಳಗಾಗಿ ಬಿದ್ದದ್ದಿಲ್ಲ. ಅವನ ಕೈಗೆ ಹತ್ತದೆ ಹೋದದ್ದು ಒಂದೇ, ಬೆಂಕಿ.

ಕಚೇರಿಯವರು ಹನ್ನೊಂದು ಜನ ಸೇರಿ ವರ್ಷಕ್ಕೊಮ್ಮೆ ಬೆನ್ನಿಗೆ ಚೀಲ ಕಟ್ಟಿಕೊಂಡು, ಬೆಟ್ಟ ಹತ್ತಿ ಇಳಿದು, ಮೂರು ದಿನ ನಡೆದು ಸರೋವರ ಮುಟ್ಟುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ಜವಾಬ್ದಾರಿ. ಹೋದ ವರ್ಷ ಬೆಂಕಿ ಮೌರೊನ ಪಾಲಿಗೆ ಬಂದಿತ್ತು. ಮೊದಲ ಸಂಜೆಯೇ ಜಿನುಗು ಮಳೆ. ಲೈಟರು ಆ ಎತ್ತರದ ಚಳಿಗೆ ಮಂಕಾಗಿ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಆಮೇಲೆ ನಲವತ್ತು ಕಡ್ಡಿ ಗೀರಿದ. ಹೊಗೆ ಬಂತು. ಹೊಗೆ ಮಾತ್ರ ಬಂತು. ಹನ್ನೊಂದು ಜನ ತಣ್ಣಗಿನ ಬೀನ್ಸ್ ತಿಂದು, ಯಾರೂ ಯಾರ ಮುಖವನ್ನೂ ನೋಡದೆ ಮಲಗಿದರು. ಮೌರೊಗೆ ಜ್ವರವೂ ಬಂತು. ಆದರೆ ಅದನ್ನು ಯಾರೂ ಕ್ಷಮೆಯೆಂದು ಲೆಕ್ಕ ಹಿಡಿಯಲಿಲ್ಲ.

ಈ ವರ್ಷ ಹೊರಡಲು ಮೂರು ವಾರ ಇರುವಾಗ ಕಚೇರಿಯ ಯಜಮಾನ ದೋನ್ ಬೌದಿಲಿಯೊ ಕಾಫಿ ಹೊತ್ತಿನಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಹೇಳಿದರು: "ಈ ಸಲ ಬೀನ್ಸ್ ನಾನೇ ನೋಡ್ಕೋತೀನಿ. ಬೆಂಕಿ ಮಾತ್ರ ಬೇರೆ ಯಾರಿಗಾದ್ರೂ ಕೊಡೋಣ ಅಂತ."

ಅಲ್ಲಿ ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಮೌರೊ ಕಾಫಿ ಲೋಟ ಕೆಳಗಿಟ್ಟು, "ಮಳೇಲೂ ಹೊತ್ತೋ ಸಾಮಾನು ನನ್ನ ಹತ್ರ ಇದೆ ಸಾಹೇಬ್ರೆ. ಕೈ ಕೊಡೋ ಮಾತೇ ಇಲ್ಲ" ಎಂದುಬಿಟ್ಟ.

ಅಂಥ ಸಾಮಾನು ಅವನ ಹತ್ತಿರ ಇರಲಿಲ್ಲ. ಇದೆಯೆಂದು ಹೇಳುವಾಗ ಅದು ಯಾವುದಿರಬಹುದೆಂಬ ಕುತೂಹಲ ಅವನಿಗೂ ಇತ್ತು.

"ಸರಿ ಹಾಗಾದ್ರೆ," ಎಂದರು ದೋನ್ ಬೌದಿಲಿಯೊ. "ಆದ್ರೆ ಈ ಸಲಾನೂ ಹೊತ್ತಲಿಲ್ಲ ಅಂದ್ರೆ, ಮುಂದಿನ ವರ್ಷದಿಂದ ನೀವು ಮನೇಲೇ ಆರಾಮಾಗಿರಿ."

ಮೌರೊ ವರ್ಷದ ಮುನ್ನೂರ ಅರವತ್ತೆರಡು ದಿನ ಮೊಹರು ಒತ್ತುತ್ತಿದ್ದುದು ಉಳಿದ ಮೂರು ದಿನ ನಡೆಯುವುದಕ್ಕಾಗಿ. ಅವನು ಮಾರನೆಯ ಬೆಳಿಗ್ಗೆಯೇ ಮಾರುಕಟ್ಟೆಗೆ ಹೋದ.

ಕಚೇರಿಯಲ್ಲಿ ಯಾರೋ ಹೇಳಿದ್ದರು, ಮೇಣ ಬೇಕು, ಪೈನ್ ಮರದ ಅಂಟು ಬೇಕು, ಸಕ್ಕರೆ ಸುರಿದರೆ ಉರಿ ನಿಲ್ಲುತ್ತದೆ, ಓಕೋತೆ ಅಂತೂ ಇರಲೇಬೇಕು ಎಂದು. ಓಕೋತೆ ಎಂದರೆ ಅಂಟು ತುಂಬಿ ಕೆಂಪಗಾದ ಪೈನ್ ಸಿಗುಳು. ಶೇಲಾದಲ್ಲಿ ಒಲೆ ಇರುವ ಮನೆಯಲ್ಲೆಲ್ಲ ಅದು ಇರುತ್ತದೆ. ಮೌರೊನ ಮನೆಗೆ ಗ್ಯಾಸ್ ಬಂದು ಹನ್ನೆರಡು ವರ್ಷವಾಗಿತ್ತು. ಇವೆಲ್ಲ ಒಂದೇ ಕಡೆ ಸಿಗುವ ಅಂಗಡಿ ಎಂದು ಕೇಳಿದಾಗ ಜನ ನಾನಾ ತೊಮಾಸಾಳ ಅಂಗಡಿ ತೋರಿಸಿದರು. ಅವಳು ಎಪ್ಪತ್ತು ದಾಟಿದ ಹಿರಿಯಳು; ನಾನಾ ಎಂಬುದು ಅಲ್ಲಿ ಹಿರಿಯ ಹೆಂಗಸರನ್ನು ಕರೆಯುವ ಮಾತು. ದಿನ ಎಣಿಸುವವಳು. ಹಳೆಯ ಪಂಚಾಂಗದ ದಿನಗಳನ್ನು ಒಂದರಿಂದ ಹದಿಮೂರರವರೆಗೆ ಎಣಿಸುತ್ತ, ಬೆಂಕಿಗೆ ಧೂಪ, ಮೇಣದಬತ್ತಿ, ಸಕ್ಕರೆ ಅರ್ಪಿಸಿ, ಜನರ ಪರವಾಗಿ ಕೇಳಿಕೊಳ್ಳುವ ಕೆಲಸ ಅವಳದು. ಇಂಥವರೂ ಇದ್ದಾರೆಂದು ಮೌರೊಗೆ ಗೊತ್ತಿತ್ತು. ಆದರೆ ಅವನ ತಲೆಯಲ್ಲಿ ಆಗ ಬೀನ್ಸ್ ಬಿಟ್ಟರೆ ಬೇರೇನೂ ಇರಲಿಲ್ಲ.

"ಯಾರಿಗೆ ಇದು?" ಎಂದಳು ನಾನಾ ತೊಮಾಸಾ, ಓಕೋತೆ ಕಟ್ಟು ಎತ್ತಿಡುತ್ತ.

"ಹನ್ನೊಂದು ಜನಕ್ಕೆ."

ಅವಳ ಕೈ ನಿಂತಿತು. "ಒಂದೇ ಸಲಕ್ಕಾ?"

"ಒಂದೇ ಸಲಕ್ಕೆ. ಬೆಟ್ಟದ ಮೇಲೆ."

"ಮುಂಚೆ ಮಾಡಿದ್ರಾ?"

"ಹೋದ ವರ್ಷ ಮಾಡಿದ್ದೆ. ಹತ್ತಲಿಲ್ಲ. ಬರೀ ಹೊಗೆ."

"ಹೊಗೆ ಯಾವ ಕಡೆ ಹೋಯ್ತು?"

ಮೌರೊ ನೆನಪು ಮಾಡಿಕೊಂಡ. "ನಮ್ಮ ಸಾಹೇಬ್ರ ಮುಖಕ್ಕೆ."

"ಹಾಗಾದ್ರೆ ತೊಂದರೆ ಅಲ್ಲೇ ಇದೆ," ಎಂದಳು ಅವಳು. ಮೌರೊಗೆ ಇಷ್ಟು ಬೇಗ ತನ್ನ ಕಷ್ಟ ಅರ್ಥ ಮಾಡಿಕೊಂಡವರು ಬೇರೆ ಯಾರೂ ಇರಲಿಲ್ಲ. "ಬತ್ತಿ ಯಾವ ಬಣ್ಣದ್ದು ಕೊಡ್ಲಿ?"

"ಯಾವುದಾದ್ರೂ ಆಗುತ್ತೆ."

ನಾನಾ ತೊಮಾಸಾ ತಲೆಯೆತ್ತಿ ಅವನನ್ನು ನೋಡಿದಳು. ಕೆಂಪು ಯಾವ ದಿಕ್ಕಿಗೆ, ಕಪ್ಪು ಯಾವ ದಿಕ್ಕಿಗೆ ಎಂದು ಐವತ್ತು ವರ್ಷದಿಂದ ಕಲಿಯುತ್ತಿರುವವಳ ಮುಂದೆ ಯಾವುದಾದರೂ ಆಗುತ್ತದೆ ಎನ್ನುವವನು ಒಂದೋ ಏನೂ ತಿಳಿಯದವನಾಗಿರಬೇಕು, ಇಲ್ಲವೇ ಎಲ್ಲ ತಿಳಿದವನು. ಅವಳು ಎಲ್ಲ ಬಣ್ಣವನ್ನೂ ಒಂದೊಂದು ಹಿಡಿ ಕಟ್ಟಿಕೊಟ್ಟಳು.

ಸಂಜೆ ಐದಕ್ಕೆ ಕಚೇರಿಯಿಂದ ಬಂದವನೇ ಮೌರೊ ತಾರಸಿ ಹತ್ತಿ ಪ್ರಯೋಗ ಶುರು ಮಾಡಿದ. ವೈಜ್ಞಾನಿಕ ಮನೋಭಾವದವನಾದ್ದರಿಂದ ಗಾಳಿ ತಡೆಯಲು ನಾಲ್ಕು ದಿಕ್ಕಿಗೆ ನಾಲ್ಕು ಕಲ್ಲಿಟ್ಟ. ನಡುವೆ ಸಕ್ಕರೆಯಿಂದ ಒಂದು ಸುತ್ತು ಬರೆದ. ಸುತ್ತಿನೊಳಗೆ ಒಮ್ಮೆ ವ್ಯಾಸಲೀನ್ ಸವರಿದ ಹತ್ತಿ, ಒಮ್ಮೆ ಮೇಣ ಸುರಿದ ಮರದ ಹೊಟ್ಟು, ಒಮ್ಮೆ ಅಂಟಿನ ಉಂಡೆ ಇಟ್ಟು, ಮೇಲೆ ಮಗ್ಗಿನಿಂದ ನೀರು ಚಿಮುಕಿಸಿ ಕಡ್ಡಿ ಗೀರುತ್ತಿದ್ದ. ಒಂದು ಕಡ್ಡಿ ಬೆರಳು ಸುಡುವುದರೊಳಗೆ ಹದಿಮೂರರವರೆಗೆ ಎಣಿಸಬಹುದೆಂದು ಅವನು ಕಂಡುಕೊಂಡಿದ್ದ. ಎಣಿಸುತ್ತಿದ್ದುದು ಮಾತ್ರ ಆ ಬೆಟ್ಟಗಳ ಮೂಲ ಜನರ ಕಿಚೆ ಭಾಷೆಯಲ್ಲಿ. ಅಜ್ಜಿ ಕಲಿಸಿದ್ದು ಅವನಲ್ಲಿ ಅಷ್ಟೇ ಉಳಿದಿತ್ತು, ಅಂಕಿಗಳು ಮತ್ತು ಮೂರು ಬೈಗುಳ. ಲೆಕ್ಕ ತಪ್ಪಬಾರದೆಂದಾಗಲೆಲ್ಲ ಆ ಅಂಕಿಗಳೇ ಬಾಯಿಗೆ ಬರುತ್ತಿದ್ದವು.

"ಹುನ್, ಕೆಬ್, ಓಶಿಬ್, ಕಾಹಿಬ್..." ಎಂದು ಮೊಣಕಾಲೂರಿ ಕೂತು, ಬೆಂಕಿಯ ಕಡೆ ಬಗ್ಗಿ, ಹದಿಮೂರರ ಓಶ್‌ಲಾಹುಹ್‌ವರೆಗೆ ಹೋಗಿ, ಮತ್ತೆ ಮೊದಲಿನಿಂದ.

ಪಕ್ಕದ ತಾರಸಿಯಲ್ಲಿ ದೋನ್ಯಾ ಲೆಂಚಾ ಬಟ್ಟೆ ಒಣಹಾಕುತ್ತಿದ್ದಳು. ಮೂವತ್ತೈದರ ಹೆಂಗಸು. ಎಂಟು ತಿಂಗಳ ಹಿಂದೆ ಅವಳ ಗಂಡ, ಬಸ್ಸಿನ ಡ್ರೈವರ್ ಅಂಬ್ರೋಸಿಯೊ, ನಿಲ್ದಾಣದಲ್ಲಿ ಬಸ್ಸು ನಿಲ್ಲಿಸಿ ಸ್ಟಿಯರಿಂಗ್ ಮೇಲೆ ತಲೆಯಿಟ್ಟವನು ಮತ್ತೆ ಎತ್ತಿರಲಿಲ್ಲ. ಲೆಂಚಾ ಒಂದು ಹಾಸಿಗೆ ಬಟ್ಟೆಯನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಪೂರ್ತಿ ನಾಲ್ಕು ಎಣಿಕೆ ನಿಂತು ನೋಡಿದಳು. ಆಮೇಲೆ ಬಟ್ಟೆಯನ್ನು ತಂತಿಯ ಮೇಲೆ ಹಾಕದೆ ಬಕೆಟ್ಟಿಗೇ ಹಾಕಿ ಕೆಳಗಿಳಿದಳು.

ಮಾರನೆಯ ದಿನ ಮೌರೊನ ಹೆಂಡತಿ ಓಡಿಲಿಯಾ ಬ್ರೆಡ್ ತರಲು ಹೋದಾಗ ಅಂಗಡಿಯವಳು ದನಿ ತಗ್ಗಿಸಿ ಕೇಳಿದಳು: "ನಿಮ್ಮೆಜಮಾನ್ರು ದಿನ ಎಣಿಸ್ತಿದಾರಂತೆ, ಹೌದಾ?"

"ಅಯ್ಯೋ, ಅದನ್ನ ಯಾಕೆ ಕೇಳ್ತೀರ," ಎಂದಳು ಓಡಿಲಿಯಾ. ಹದಿನೆಂಟನೇ ತಾರೀಕಿನ ನಡಿಗೆಗೆ ಎಷ್ಟು ದಿನ ಉಳಿಯಿತೆಂದು ಗಂಡ ಗೋಡೆಯ ಮೇಲೆ ಗೀಟು ಹಾಕುತ್ತಿದ್ದುದು ಅವಳ ಮನಸ್ಸಿನಲ್ಲಿತ್ತು. "ಬೆಳಿಗ್ಗೆ ಎದ್ದ ತಕ್ಷಣ ಅದೇ ಕೆಲಸ."

"ಯಾವಾಗಿಂದ?"

"ಹೋದ ವರ್ಷ ಬೆಟ್ಟದ ಮೇಲೆ ಜ್ವರ ಬಂತಲ್ಲ, ಆವಾಗಿಂದ."

ಬ್ರೆಡ್ಡಿನವಳು ಎದೆ ಮುಟ್ಟಿಕೊಂಡಳು. ದಿನ ಎಣಿಸುವವರಾಗಲು ಕರೆ ಬರುವುದು ಹೀಗೆಯೇ ಎಂದು ಯಾರಿಗೆ ಗೊತ್ತಿಲ್ಲ? ಮೊದಲು ಬೆಟ್ಟ, ಆಮೇಲೆ ಜ್ವರ. ಅವಳು ಆ ದಿನ ಎರಡು ಸಿಹಿ ಬ್ರೆಡ್ ಹೆಚ್ಚಿಗೆ ಹಾಕಿದಳು.

ವಾರ ಕಳೆಯುವುದರಲ್ಲಿ ಬೀದಿಯವರು ಮೌರೊನನ್ನು "ತಾತ್" ಎನ್ನತೊಡಗಿದರು. ಅದು ಕಿಚೆಯಲ್ಲಿ ಹಿರಿಯರನ್ನು ಕರೆಯುವ ಮಾತು. ನಲವತ್ತಾರಕ್ಕೇ ಹೀಗೆ ಕರೆಸಿಕೊಂಡ ಮೌರೊ ಕನ್ನಡಿಯ ಮುಂದೆ ನಿಂತು ನೆತ್ತಿ ತಡವಿಕೊಂಡ. ಬಸ್ಸಿನಲ್ಲಿ ಜನ ಎದ್ದು ಜಾಗ ಕೊಟ್ಟರು. ಕಚೇರಿಯಲ್ಲಿ ಮೊಹರಿಗೆ ಬಂದವರು ಮೊಹರು ಒತ್ತಿದ ಮೇಲೂ ಹೋಗದೆ ನಿಲ್ಲುತ್ತಿದ್ದರು. ದೋನ್ ಬೌದಿಲಿಯೊ ಅಂತೂ ಒಂದು ಮಧ್ಯಾಹ್ನ ಬಾಗಿಲು ಮುಚ್ಚಿ, "ಆ ಹದಿನೆಂಟನೇ ತಾರೀಕು... ನಮಗೆ ಒಳ್ಳೇದೇ ಅಲ್ವಾ?" ಎಂದು ಕೇಳಿದರು.

"ಮಳೆ ಬರಬಹುದು," ಎಂದ ಮೌರೊ.

"ಮಳೆ," ಎಂದು ದೋನ್ ಬೌದಿಲಿಯೊ ಆ ಮಾತಿನ ಒಳಾರ್ಥವನ್ನು ಹುಡುಕುತ್ತ ಕುರ್ಚಿಯಲ್ಲಿ ಕೂತರು.

ಸುದ್ದಿ ಓಡಿಲಿಯಾಳ ಅಣ್ಣ ಎಲಿಸೆಯೊನ ಕಿವಿಗೂ ಬಿತ್ತು. ಅವನು ಒಂದು ಚಿಕ್ಕ ಸಭೆಯ ಪಾದ್ರಿ. ಮೂರು ಜನ ಭಕ್ತರನ್ನೂ ಒಂದು ಗಿಟಾರನ್ನೂ ಕಟ್ಟಿಕೊಂಡು ನೇರ ತಾರಸಿಗೇ ಬಂದ.

"ಭಾವ, ನಾನು ಸುತ್ತಿಬಳಸಿ ಮಾತಾಡೋನಲ್ಲ. ಈ ಬೆಂಕಿ ಯಾರಿಗೆ?"

"ಬೀನ್ಸಿಗೆ."

"ಬೀನ್ಸಿಗೆ ಅಂದ್ರೆ?"

"ಬೀನ್ಸ್ ಬಿಸಿ ಮಾಡೋಕೆ."

ಎಲಿಸೆಯೊ ಭಕ್ತರ ಕಡೆ ತಿರುಗಿ ನಿಟ್ಟುಸಿರುಬಿಟ್ಟ. "ನೋಡಿ. ಎಲ್ರೂ ಬೀನ್ಸಿಂದಾನೇ ಶುರು ಮಾಡೋದು." ಆಮೇಲೆ ಕಣ್ಣುಮುಚ್ಚಿ ಪ್ರಾರ್ಥನೆಗೆ ತೊಡಗಿದ. ಪ್ರಾರ್ಥನೆ ಇಪ್ಪತ್ತೈದು ನಿಮಿಷ ನಡೆಯಿತು. ಅಷ್ಟೂ ಹೊತ್ತು ಸಕ್ಕರೆ ಸುತ್ತಿನೊಳಗೆ ಮೇಣದ ಹೊಟ್ಟು ಆರದೆ ಉರಿಯಿತು. ಮೌರೊ ಅಷ್ಟು ಸಂತೋಷದಿಂದ "ಆಮೆನ್" ಎಂದದ್ದನ್ನು ಭಕ್ತರು ಮುಂದೆ ಸಾಕ್ಷಿಯಾಗಿ ಹೇಳಿದರು. ಇಳಿಯುವಾಗ ಎಲಿಸೆಯೊ ಮೆಟ್ಟಿಲ ಮೇಲೆ ಒಂದು ಕ್ಷಣ ಹಿಂದುಳಿದು, "ಅದು ಗಾಳಿಗೂ ನಿಲ್ಲುತ್ತಾ ಭಾವ? ನಮ್ಮದು ಬಯಲಲ್ಲಿ ಸಭೆ ಇರುತ್ತಲ್ಲ" ಎಂದು ಕೇಳಿ, ಮೇಣದ ಹೊಟ್ಟಿನ ಒಂದು ಉಂಡೆಯನ್ನು ಜೇಬಿಗೆ ಹಾಕಿಕೊಂಡ. ತನಿಖೆಗೆ.

ಕೊನೆಗೆ ನಾನಾ ತೊಮಾಸಾಳೇ ಬಂದಳು. ಮೆಟ್ಟಿಲು ಹತ್ತಿ, ಉಸಿರು ಸುಧಾರಿಸಿಕೊಂಡು, ಬೂದಿಯನ್ನು ಒಂದು ಸುತ್ತು ನೋಡಿ, ಕೂತಳು. ಓಡಿಲಿಯಾ ಕಾಫಿ ತಂದಿಟ್ಟು ಬಾಗಿಲ ಮರೆಯಲ್ಲಿ ನಿಂತಳು.

"ನಿಮ್ಮ ದಿನ ಯಾವುದು?" ಎಂದಳು ನಾನಾ ತೊಮಾಸಾ. ಹಳೆಯ ಪಂಚಾಂಗದಲ್ಲಿ ಅವನು ಹುಟ್ಟಿದ ದಿನವನ್ನು ಅವಳು ಕೇಳಿದ್ದು.

"ಹದಿನೆಂಟು, ಶನಿವಾರ. ಬಸ್ಸು ತಪ್ಪಿದ್ರೆ ಭಾನುವಾರ."

"ನಿಮಗೆ ಕಲಿಸಿದೋರು ಯಾರು?"

"ನಮ್ಮ ಕಚೇರೀಲಿ ಟೈಪಿಂಗ್ ಮಾಡೋ ಹುಡುಗಿ. ಮೊಟ್ಟೆ ಟ್ರೇ ಇದೆಯಲ್ಲ, ಅದರ ಗುಳೀಲಿ ಹೊಟ್ಟು ತುಂಬಿದ್ರೆ ಒಳ್ಳೇದು ಅಂದ್ಲು."

ನಾನಾ ತೊಮಾಸಾ ಕಾಫಿ ಲೋಟ ಕೆಳಗಿಟ್ಟಳು. ಅವಳ ಹೊಟ್ಟೆ ಕುಲುಕತೊಡಗಿತು. ನಕ್ಕು ನಕ್ಕು ಕಣ್ಣೀರನ್ನು ಶಾಲಿನ ತುದಿಯಿಂದ ಒರೆಸಿಕೊಂಡು, "ನಿಮ್ಮದು ಅಡುಗೆ ಬೆಂಕಿ," ಎಂದಳು.

"ಹೌದು. ನಾನು ಎಲ್ರಿಗೂ ಅದನ್ನೇ ಹೇಳ್ತಿದೀನಿ."

"ಊರೆಲ್ಲ ನಿಮ್ಮನ್ನ ದಿನ ಎಣಿಸೋನು ಅಂತಿದೆ, ತಿಳೀತಾ?"

ಮೌರೊಗೆ ಆಗ ತಿಳಿಯಿತು. ಬಸ್ಸಿನ ಸೀಟು, ಸಿಹಿ ಬ್ರೆಡ್ಡು, ಮುಚ್ಚಿದ ಬಾಗಿಲು, ಎಲ್ಲ ಒಂದೊಂದಾಗಿ ಅವನ ಮುಖದ ಮೇಲೆ ಬಂದು ಹೋದವು. ಎರಡು ವಾರದಲ್ಲಿ ತನಗೆ ಸಿಕ್ಕ ಮರ್ಯಾದೆಯಲ್ಲಿ ಒಂದು ಚೂರೂ ತನ್ನದಲ್ಲ ಎಂದು ಗೊತ್ತಾದವನ ಮುಖ ನೋಡುವುದು ಕಷ್ಟ. ನಾನಾ ತೊಮಾಸಾ ಓಕೋತೆಯ ಕಡೆ ನೋಡಿದಳು.

"ನಮ್ಮದು ಆಟ ಅಲ್ಲ," ಎಂದಳು, ಈಗ ನಗದೆ. "ಯಾರಾದ್ರೂ ಕೇಳಿಕೊಳ್ಳೋಕೆ ಬಂದ್ರೆ ನನ್ನ ಹತ್ರ ಕಳಿಸಿ. ಆಸೆಗೆ ಬಿದ್ದು ನೀವೇ ಕೂತ್ಕೋಬೇಡಿ."

"ಕಳಿಸ್ತೀನಿ."

"ಮತ್ತೆ ಈ ಸಿಗುಳನ್ನ ಯಾಕೆ ಹೀಗೆ ಮಲಗಿಸಿದೀರ? ಸಣ್ಣಗೆ ಸೀಳಿ, ಹೊಟ್ಟಿನೊಳಗೆ ನೆಟ್ಟಗೆ ನಿಲ್ಲಿಸಿ. ಅಂಟು ಬುಡದಲ್ಲಿರಲಿ. ತುದಿಗೆ ಹಚ್ಚಿ."

ಅವಳು ಹೇಳಿದಂತೆ ಮೊಟ್ಟೆ ಟ್ರೇಯ ಗುಳಿಯಲ್ಲಿ ಹೊಟ್ಟು, ಮೇಣ, ಬುಡಕ್ಕೆ ಅಂಟು, ನಡುವೆ ನಿಂತ ಸಿಗುಳು. ಮೌರೊ ಅದರ ಮೇಲೆ ಒಂದು ಮಗ್ಗು ನೀರು ಸುರಿದು ಕಡ್ಡಿ ಗೀರಿದ. ಏಳು ಎಣಿಸುವಷ್ಟರಲ್ಲಿ ಹತ್ತಿತು. ಅವನು ಆ ವಾರವೆಲ್ಲ ಕೂತು ಅಂಥವು ಹನ್ನೆರಡು ಮಾಡಿದ. ಒಂದೊಂದನ್ನೂ ಕಾಗದದಲ್ಲಿ ಸುತ್ತಿ, ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಡಬ್ಬಿಯನ್ನು ಚೀಲದ ಮೇಲಿಟ್ಟ. ತಾನು ದಿನ ಎಣಿಸುವವನಲ್ಲ ಎಂದು ಕಚೇರಿಯಲ್ಲಿ ಎಲ್ಲರಿಗೂ ಹೇಳಿದ. ಎಲ್ಲರೂ ತಲೆಯಾಡಿಸಿದರು. ನಿಜವಾದವರು ಹಾಗೆಯೇ ಹೇಳುವುದೆಂದು ಅವರಿಗೆ ಗೊತ್ತಿತ್ತು.

ಹೊರಡುವ ಹಿಂದಿನ ದಿನ, ಶುಕ್ರವಾರ ಸಂಜೆ, ಲೆಂಚಾ ತನ್ನ ತಾರಸಿಯಿಂದ ನಡುಗೋಡೆ ದಾಟಿ ಈಚೆ ಬಂದಳು. ಸಣ್ಣಗೆ ಮಳೆ. ಕೈಯಲ್ಲಿ ಏನೂ ತಂದಿರಲಿಲ್ಲ.

"ದೋನ್ ಮೌರೊ, ಒಂದು ಬೆಂಕಿ ಹಾಕ್ತೀರಾ?"

ಅವನು ನಾನಾ ತೊಮಾಸಾಗೆ ಕೊಟ್ಟ ಮಾತನ್ನು ನೆನೆದು ಕೈ ಅಡ್ಡ ಆಡಿಸಿದ. "ದೋನ್ಯಾ ಲೆಂಚಾ, ನಾನು ಅಂಥೋನಲ್ಲ. ಜನ ತಪ್ಪು ತಿಳ್ಕೊಂಡಿದಾರೆ. ನೀವು ನಾನಾ ತೊಮಾಸಾ ಹತ್ರ ಹೋಗಿ, ಅವರು ಅಂಬ್ರೋಸಿಯೊಗೆ ಏನು ಬೇಕೋ..."

"ನೀವು ಅಂಥೋರಲ್ಲ ಅಂತ ನನಗೆ ಗೊತ್ತು. ಸಕ್ಕರೆ ಮೇಲೆ ಇರುವೆ ಬಂದಾಗ ನೀವು ಬೈದದ್ದು ಕೇಳಿಸ್ಕೊಂಡಿದೀನಿ."

"ಮತ್ತೆ ಊರಿಗೆ ಹೇಳಿದ್ದು?"

"ಮೊದಲ ದಿನ ಹಾಗೇ ಅಂದ್ಕೊಂಡೆ. ಹೇಳಿದೆ. ಎರಡನೇ ದಿನ ಅಲ್ಲ ಅಂತ ಗೊತ್ತಾಯ್ತು. ಆವಾಗ ಹೇಳಿದ್ದನ್ನ ವಾಪಸ್ ತಗೊಳ್ಳೋಕೆ ಮನಸಾಗ್ಲಿಲ್ಲ." ಅವಳು ಒದ್ದೆ ನೆಲದ ಮೇಲೆ ಕೂತಳು. "ನಾನಾ ತೊಮಾಸಾ ಹತ್ರ ಹೋಗಿದ್ದೆ. ಏನು ಕೇಳ್ಬೇಕು ಅಂದ್ರು. ನನಗೆ ಕೇಳೋಕೆ ಏನೂ ಇಲ್ಲ. ಅವನು ಸತ್ತಿದಾನೆ, ಅದು ನನಗೆ ಗೊತ್ತು."

ಮೌರೊ ಕಲ್ಲುಗಳ ನಡುವಿನ ಒದ್ದೆ ಬೂದಿಯನ್ನು ಕಾಲಿನಿಂದ ಸರಿಸಿದ.

"ಬೆಳಗಿನ ಜಾವ ಬಸ್ಸಿಗೆ ಹೋಗೋ ಮುಂಚೆ ಅವನು ಒಲೆ ಹಚ್ಚಿ ಹೋಗ್ತಿದ್ದ. ನಾನು ಏಳೋ ಹೊತ್ತಿಗೆ ಬೆಂಕಿ ಇರ್ತಿತ್ತು. ಎಂಟು ತಿಂಗಳಾಯ್ತು, ನಾನೇ ಹಚ್ಕೋತಿದೀನಿ. ಬೇರೆಯವರು ಹಚ್ಚಿದ ಬೆಂಕಿ ಮುಂದೆ ಒಂದು ಸಲ ಕೂತ್ಕೋಬೇಕು ಅನ್ನಿಸ್ತು. ಅಷ್ಟೇ."

ಓಡಿಲಿಯಾ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಹೋಗಿ ಚೀಲದ ಮೇಲಿನ ಡಬ್ಬಿಯನ್ನು ತಂದು ಗಂಡನ ಕೈಗೆ ಕೊಟ್ಟಳು.

ಸೌದೆಯೆಲ್ಲ ನೆನೆದಿತ್ತು. ಮೊದಲ ಕಡ್ಡಿ ಮುರಿಯಿತು. ಎರಡನೆಯದಕ್ಕೆ ಸಿಗುಳಿನ ತುದಿ ಹತ್ತಿ, ಕಪ್ಪು ಹೊಗೆಬಿಟ್ಟು, ಉರಿ ಕೆಳಗಿಳಿಯಿತು. ಅವನು ಎಣಿಸಲಿಲ್ಲ. ಲೆಂಚಾ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತಿದ್ದಳು. ಸೌದೆ ಹಿಡಿಯಲು ತಡಮಾಡಿದಾಗ ಅವನು ಇನ್ನೊಂದನ್ನು ಇಟ್ಟ. ಆಮೇಲೆ ಮಳೆ ಜೋರಾಯಿತು. ಓಡಿಲಿಯಾ ಮೇಲೆ ತಗಡು ಹಿಡಿದಳು, ಅವನು ಮತ್ತೊಂದು ಇಟ್ಟ. ಬೆಂಕಿ ಕುಗ್ಗಿದಾಗಲೆಲ್ಲ ಲೆಂಚಾಳ ಬೆನ್ನು ಸ್ವಲ್ಪ ಬಗ್ಗುತ್ತಿತ್ತು. ಅದನ್ನು ನೋಡಲಾರದೆ ಅವನು ಡಬ್ಬಿಗೆ ಕೈಹಾಕುತ್ತಿದ್ದ. ಅವಳು ಸಾಕು ಎನ್ನುವ ಹೊತ್ತಿಗೆ ಡಬ್ಬಿಯಲ್ಲಿ ಕಾಗದ ಮಾತ್ರ ಉಳಿದಿತ್ತು.

ಲೆಂಚಾ ಎದ್ದು ಲಂಗದ ಹಿಂಭಾಗ ಒದ್ದೆಯಾದದ್ದನ್ನು ನೋಡಿಕೊಂಡಳು. "ಒಳ್ಳೇ ಸಾಮಾನು ಮಾಡಿದೀರಿ," ಎಂದಳು. ಮತ್ತೆ ಗೋಡೆ ದಾಟಿ ಹೋದಳು.

ಶನಿವಾರ ಹನ್ನೊಂದು ಜನ ಬಸ್ಸಿಳಿದು ನಡೆದರು. ಮಧ್ಯಾಹ್ನಕ್ಕೆ ಮೋಡ ಇಳಿಯಿತು, ಸಂಜೆಗೆ ಜಿನುಗು ಮಳೆ. ಹೋದ ವರ್ಷದ ಮಳೆಯೇ ದಾರಿ ಕೇಳಿಕೊಂಡು ಬಂದಂತಿತ್ತು. ಓಕ್ ಮರಗಳ ಕೆಳಗೆ ಡೇರೆ ಹಾಕಿದರು. ದೋನ್ ಬೌದಿಲಿಯೊ ಬೀನ್ಸಿನ ಪಾತ್ರೆಯನ್ನು ಕೈಯಲ್ಲಿ ಹಿಡಿದು ಮೌರೊನ ಎದುರು ಬಂದು ನಿಂತರು.

ಮೌರೊ ಖಾಲಿ ಡಬ್ಬಿ ತೆರೆದು ತೋರಿಸಿದ. "ಸಾಹೇಬ್ರೆ, ಇಲ್ಲ. ನಿನ್ನೆ ಒಬ್ರಿಗೆ ಬೇಕಾಯ್ತು, ಎಲ್ಲ ಅಲ್ಲೇ ಖರ್ಚಾಯ್ತು. ನಾನು ಬರೋ ವರ್ಷದಿಂದ ಮನೇಲೇ ಇರ್ತೀನಿ."

ದೋನ್ ಬೌದಿಲಿಯೊ ಬೈಯುವರೆಂದು ಅವನು ಕಾದ. ಅವರು ಅತ್ತಿತ್ತ ನೋಡಿ, ಪಾತ್ರೆ ಕೆಳಗಿಟ್ಟು, ತಮ್ಮ ಚೀಲದ ತಳಕ್ಕೆ ಕೈಹಾಕಿ, ಒಂದು ಕಾಗದದ ಪೊಟ್ಟಣ ತೆಗೆದರು. ಒಳಗೆ ಓಕೋತೆ, ಅಂಟು, ಎರಡು ಹಳದಿ ಬತ್ತಿ, ಸಕ್ಕರೆ. "ನಾನು ಸ್ವಲ್ಪ ತಂದಿದ್ದೆ," ಎಂದರು ನಾಚಿಕೊಂಡು. "ನಿಮ್ಮ ಹತ್ರ ಒಂದು ಮಾತು ಕೇಳ್ಕೊಳ್ಳೋಣ ಅಂತ."

ಟೈಪಿಂಗ್ ಹುಡುಗಿ ತನ್ನ ಚೀಲ ಬಿಚ್ಚಿದಳು. ಅವಳ ಹತ್ತಿರವೂ ಒಂದು ಪೊಟ್ಟಣ. ಲೆಕ್ಕ ಬರೆಯುವವನ ಹತ್ತಿರ ಎರಡು. ಒಬ್ಬರಿಗೆ ಗೊತ್ತಿಲ್ಲದಂತೆ ಒಬ್ಬರು, ಹತ್ತು ಜನವೂ ನಾನಾ ತೊಮಾಸಾಳ ಅಂಗಡಿಯಿಂದ ಕಟ್ಟಿಸಿಕೊಂಡು ಬೆಟ್ಟ ಹತ್ತಿಸಿದ್ದರು. ಮೌರೊನ ಕಾಲ ಬಳಿ ಒಂದು ಸಣ್ಣ ಗುಡ್ಡವಾಯಿತು.

"ನಾನು ಅಂಥೋನಲ್ಲ," ಎಂದ ಮೌರೊ. "ಕೇಳ್ಕೊಳ್ಳೋದಿದ್ರೆ ನಾನಾ ತೊಮಾಸಾ ಹತ್ರ ಹೋಗಿ. ನಾನಿದನ್ನ ಹಚ್ಚೋದು ಬೀನ್ಸಿಗೆ, ಬೇರೆ ಯಾವುದಕ್ಕೂ ಅಲ್ಲ. ಒಪ್ಪಿಗೇನಾ?"

"ನೀವು ಹೇಗೆ ಹೇಳ್ತೀರೋ ಹಾಗೆ ತಾತ್," ಎಂದರು ದೋನ್ ಬೌದಿಲಿಯೊ.

ಅವನು ಸಿಗುಳುಗಳನ್ನು ಸಣ್ಣಗೆ ಸೀಳಿದ. ಬುಡಕ್ಕೆ ಅಂಟು ಮೆತ್ತಿ ನೆಟ್ಟಗೆ ನಿಲ್ಲಿಸಿದ. ಒಂದೇ ಕಡ್ಡಿ. ಬೆಂಕಿ ಎದ್ದು ಒದ್ದೆ ಓಕ್ ಸೌದೆಯನ್ನು ಬಾಯಿಗೆ ಹಾಕಿಕೊಂಡಿತು. ಅವನೇ ಪಾತ್ರೆಯನ್ನು ಎತ್ತಿ ಮೂರು ಕಲ್ಲಿನ ಮೇಲಿಟ್ಟ, ಎಲ್ಲರೂ ನೋಡಲೆಂದು, ಸ್ವಲ್ಪ ಸದ್ದಾಗುವಂತೆಯೇ.

ಸುತ್ತ ಕೂತರು. ಯಾರೂ ಕೇಳಿಕೊಳ್ಳಲಿಲ್ಲ, ಒಪ್ಪಿಗೆ ಕೊಟ್ಟಾಗಿತ್ತಲ್ಲ. ಸ್ವಲ್ಪ ಹೊತ್ತಾದ ಮೇಲೆ ದೋನ್ ಬೌದಿಲಿಯೊ ಯಾರಿಗೆಂದು ಹೇಳದೆ, "ನಮ್ಮಮ್ಮನಿಗೆ ನನ್ನ ಗುರುತು ಹತ್ತುತ್ತಾ ಇಲ್ಲ," ಎಂದರು. "ದಿನಾ ಹೋಗ್ತೀನಿ. ಲಾಯರ್ರು ಬಂದಿದಾರೆ ಅಂತ ಕುರ್ಚಿ ಹಾಕಿಸ್ತಾಳೆ."

ಟೈಪಿಂಗ್ ಹುಡುಗಿ ಒಂದು ಸೌದೆ ಮುಂದಕ್ಕೆ ತಳ್ಳಿದಳು. ಆಮೇಲೆ ಲೆಕ್ಕ ಬರೆಯುವವನು ತನ್ನ ಮಗಳು ಮದುವೆ ಮುರಿದುಕೊಂಡು ಬಂದಿರುವುದನ್ನು ಹೇಳಿದ. ಇಪ್ಪತ್ತೊಂದು ವರ್ಷ ಒಂದೇ ಕೋಣೆಯಲ್ಲಿ ಕೂತಿದ್ದರೂ ಮೌರೊಗೆ ಅವನಿಗೊಬ್ಬ ಮಗಳಿರುವುದೇ ಗೊತ್ತಿರಲಿಲ್ಲ. ಮಾತು ಒಬ್ಬರಿಂದ ಒಬ್ಬರಿಗೆ ನಿಧಾನವಾಗಿ ಸುತ್ತಿತು. ಮೌರೊ ಉರಿ ಕುಗ್ಗದಂತೆ ನೋಡಿಕೊಂಡ. ಅವನ ಜವಾಬ್ದಾರಿ ಅಷ್ಟೇ ಇತ್ತು.

ಸೀದ ವಾಸನೆ ಮೊದಲು ಹೊಡೆದದ್ದು ಟೈಪಿಂಗ್ ಹುಡುಗಿಗೆ. ಪಾತ್ರೆಯನ್ನು ಇಳಿಸುವಷ್ಟರಲ್ಲಿ ಬೀನ್ಸ್ ತಳ ಹಿಡಿದು ಕಲ್ಲಾಗಿತ್ತು. ಮೇಲಿನದನ್ನು ಕೆರೆದು ಹನ್ನೊಂದು ತಟ್ಟೆಗೆ ಹಾಕಿದರು. ಸುಡುಸುಡುತ್ತಿತ್ತು. ಊದಿಕೊಂಡು ತಿನ್ನಬೇಕಾಯಿತು.

ದೋನ್ ಬೌದಿಲಿಯೊ ತಟ್ಟೆಯನ್ನು ಬೆರಳಿನಿಂದ ಒರೆಸಿ, ಗಂಟಲು ಸರಿಮಾಡಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದರು:

"ಬರೋ ವರ್ಷ ಬೀನ್ಸ್ ಮಾತ್ರ ಬೇರೆ ಯಾರಿಗಾದ್ರೂ ಕೊಡೋಣ."